ಪೈಪಿನ ಕೊನೆಯ ನೀರು

ಮಾರ್ಚ್ 4, ಮಂಗಳವಾರ

ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆಂದು ಅಪ್ಪನಿಗೆ ಕೊಟ್ಟ ಡೈರಿ ಇದು. ಎರಡು ತಿಂಗಳಿಂದ ಕಪಾಟಿನ ಮೇಲೆ ಬಿದ್ದಿತ್ತು. ಅಪ್ಪ ಬರೆಯುವವನಲ್ಲ; ಮಾತಾಡುವವನೂ ಅಲ್ಲ. ಆದಿನಾಥ ತೀರ್ಥಂಕರ ತನ್ನ ಮಗಳು ಬ್ರಾಹ್ಮಿಗೆ ಅಕ್ಷರ ಕಲಿಸಿದನೆಂದು ಜೈನ ಬಸ್ತಿಯಲ್ಲಿ ಪ್ರವಚನ ಕೇಳಿ ಬಂದು ನನಗೆ ಆ ಹೆಸರಿಟ್ಟನಂತೆ. ಬರೆಯುವ ಕೆಲಸವನ್ನೆಲ್ಲ ಅವತ್ತೇ ನನ್ನ ಕೊರಳಿಗೆ ಕಟ್ಟಿ ತಾನು ಹಗುರಾದ.

ಈಗ ಬರೆ ಎಂದು ಹೇಳಿದವನು ಸಮ್ಮೇದಣ್ಣ. ಚಿಕ್ಕೋಡಿಯಲ್ಲಿ ಅವನದೊಂದು ಸಣ್ಣ ಸಾಫ್ಟ್‌ವೇರ್ ಆಫೀಸು. ಡೇರಿಗಳಿಗೆ, ಸೊಸೈಟಿಗಳಿಗೆ ಆ್ಯಪ್ ಮಾಡಿಕೊಡುತ್ತೇವೆ. “ಪ್ರತಿಯೊಂದು ನಿರ್ಧಾರ ಯಾಕ ಮಾಡಿದಿ ಅಂತ ಬರದಿಡು. ಎರಡ ತಿಂಗಳಿಗೆ ನೀನ ಮರೀತಿ” ಎಂದ. ಹೋದ ದೀಪಾವಳಿಯಿಂದ ನಾನು ಚಿಕ್ಕೋಡಿಯ ರೂಮು ಬಿಟ್ಟು ಜುಗೂಳದ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಅವ್ವ ಹೋದಳು, ಅದಕ್ಕೆ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಒಬ್ಬಳೇ ಮಾಡಬೇಕಾದ ಮೊದಲ ಕೆಲಸ ಸಿಕ್ಕಿದೆ, ಅದೂ ನಮ್ಮೂರಿನ ನೀರಿನ ಸ್ಕೀಮಿನದು. ನದಿಯಿಂದ ಮೋಟಾರು ನೀರೆತ್ತುತ್ತದೆ. ಪೈಪು ದಿಬ್ಬ ಹತ್ತಿ, ಆಮೇಲೆ ಹೊಲದಿಂದ ಹೊಲಕ್ಕೆ ಇಳಿಯುತ್ತ ಹೋಗುತ್ತದೆ. ಒಬ್ಬೊಬ್ಬರ ಹೊಲದಲ್ಲಿ ಒಂದೊಂದು ವಾಲ್ವ್. ಎಲ್ಲಕ್ಕಿಂತ ಕೆಳಗೆ, ಕೊನೆಯದು ನಮ್ಮದು. ಇಷ್ಟು ವರ್ಷ ಜ್ಞಾನದೇವ ಮಾಮಾ ಸೈಕಲ್ಲಿನಲ್ಲಿ ತಿರುಗಾಡಿ ಯಾರ ಪಾಳಿ ಯಾವಾಗ ಎಂದು ನೋಡಿಕೊಳ್ಳುತ್ತಿದ್ದ. ಈಗ ಅವನಿಗೆ ಮೊಣಕಾಲು ನೋವು. ಕೈಯಿಂದ ತಿರುವುವ ವಾಲ್ವ್ ತೆಗೆದು ಕರೆಂಟಿನ ವಾಲ್ವ್ ಕೂರಿಸುತ್ತಿದ್ದಾರೆ. ಫೋನಿನಲ್ಲಿ ಒತ್ತಿದರೆ ತೆರೆಯುತ್ತವೆ. ಒತ್ತುವ ಆ್ಯಪ್ ನನ್ನದು.

ಮೊದಲ ಪ್ರಶ್ನೆ: ಆ್ಯಪ್ ತನ್ನ ಲಾಗಿನಲ್ಲಿ, ಅಂದರೆ ತನ್ನ ಡೈರಿಯಲ್ಲಿ, ಏನೇನು ಬರೆದುಕೊಳ್ಳಬೇಕು?

“ಎಲ್ಲಾನೂ” ಎಂದೆ.

ಸಮ್ಮೇದಣ್ಣ ನಕ್ಕ. “ಒಂದೊಂದ ಸಾಲಿಗೂ ಎರಡ ಪ್ರಶ್ನೆ ಕೇಳು. ಇದನ್ನ ಯಾರು ಓದ್ತಾರ? ಓದಿ ಏನ್ ಮಾಡ್ತಾರ? ಉತ್ತರ ಇಲ್ಲಂದ್ರ ಬರೀಬ್ಯಾಡ.”

ಅವನಿಗೆ ನಮ್ಮೂರು ಗೊತ್ತಿಲ್ಲ. ಪಕ್ಕದ ಹೊಲದವರ ಸುದ್ದಿಯಾದರೆ ಜುಗೂಳದ ಮಂದಿ ಏನು ಬರೆದರೂ ಓದುತ್ತಾರೆ.

ಸಂಜೆ ಊಟಕ್ಕೆ ಪಕ್ಕದ ಮನೆಯ ರೂಪಾಲಿ ವಹಿನಿ ಕಳಿಸಿದ ರೊಟ್ಟಿ. ನಾನು ಈ ಅಡುಗೆಮನೆಯಲ್ಲಿ ಚಹಾ, ಅನ್ನ ಬಿಟ್ಟು ಏನೂ ಮಾಡುವುದಿಲ್ಲ. ರೊಟ್ಟಿಯ ಹಂಚು ಮೊಳೆಗೆ ತೂಗುಹಾಕಿದ ಹಾಗೇ ಇದೆ.

ಮಾರ್ಚ್ 9, ಭಾನುವಾರ

ಲಾಗಿನ ಪಟ್ಟಿ ಮಾಡಿ ಕಳಿಸಿದ್ದೆ. ಮೋಟಾರು ಶುರು, ಮೋಟಾರು ಬಂದ್, ಕರೆಂಟು ಹೋದದ್ದು, ಬಂದದ್ದು, ಯಾವ ವಾಲ್ವ್ ಯಾರ ಫೋನಿನಿಂದ ತೆರೆಯಿತು, ಆ ಫೋನು ಆಗ ಎಲ್ಲಿತ್ತು. ಕೊನೆಯದನ್ನು ಸಮ್ಮೇದಣ್ಣ ಹೊಡೆದುಹಾಕಿದ. “ಮಂದಿ ಎಲ್ಲಿ ನಿಂತಾರ ಅನ್ನೂದು ನಿನಗ್ಯಾಕ? ನೀರ ಎಲ್ಲಿ ಹೋತು ಅದನ್ನ ನೋಡು.” ಸಿಟ್ಟು ಬಂತು. ಅಷ್ಟು ಕಷ್ಟಪಟ್ಟು ಬರೆದಿದ್ದೆ.

ಅಪ್ಪನಿಗೆ ಆ್ಯಪ್ ಕಲಿಸಿದೆ. ಬಿಸಿ ರೊಟ್ಟಿ ಹಿಡಿದವನ ಹಾಗೆ ಫೋನನ್ನು ಈ ಕೈಯಿಂದ ಆ ಕೈಗೆ ಮಾಡಿದ.

“ಒತ್ತಿದ್ದೆಲ್ಲಾ ಬರಕೋತೈತೇನು ಇದು?”

“ಎಲ್ಲಾ ಬರಕೋತೈತಿ.”

“ಯಾರ್ ಒತ್ತಿದ್ರು ಅನ್ನೂದೂ?”

“ಅದಕ್ಕಂತನ ಮಾಡೇನಲ್ಲಪ್ಪಾ. ಇನ್ನ ಯಾರೂ ಜಗಳಾ ತಗಿಯೂ ಹಂಗಿಲ್ಲ.”

ಅಪ್ಪ ಫೋನನ್ನು ಸ್ವಲ್ಪ ಹೊತ್ತು ನೋಡಿದ. “ಭಾಳ ಶಾಣ್ಯಾ ಐತಿ ಬಿಡು” ಎಂದು ಎಮ್ಮೆಗೆ ಮೇವು ಹಾಕಲು ಎದ್ದು ಹೋದ. ಹೊಗಳಿದನೋ ಬೈದನೋ ತಿಳಿಯಲಿಲ್ಲ. ಅವ್ವ ಇದ್ದಿದ್ದರೆ ಅರ್ಥ ಹೇಳುತ್ತಿದ್ದಳು. ಈ ಮನೆಯಲ್ಲಿ ಅಪ್ಪನ ಮಾತು ನನ್ನವರೆಗೆ ಬರಬೇಕಾದರೆ ಅವಳನ್ನು ದಾಟಿಯೇ ಬರುತ್ತಿತ್ತು.

ಮಾರ್ಚ್ 18, ಮಂಗಳವಾರ

ಶುರುವಾಯಿತು! ಸ್ಕೀಮಿನ ಸಂಘದ ಚೇರಮನ್ ಭೀಮಗೊಂಡ ಕಾಕಾ ಮೋಟಾರಿನ ಮನೆಯ ಮುಂದೆ ಕಾಯಿ ಒಡೆದು ಪೇಢೆ ಹಂಚಿದರು. ಮೊದಲ ಪಾಳಿ ಸಂಗ್ರಾಮನದು. ಒತ್ತಿದ, ದೂರದ ಹೊಲದಲ್ಲಿ ನೀರು ಬಂತು, ಎಲ್ಲರೂ ಓಡಿ ನೋಡಿ ಬಂದರು. ಜ್ಞಾನದೇವ ಮಾಮಾ ಖುರ್ಚಿ ಹಾಕಿಸಿಕೊಂಡು ಕೂತು, “ನಾ ಇನ್ನ ಆರಾಮ ಚಹಾ ಕುಡೀತೇನಿ” ಎಂದ.

ಅಪ್ಪ ಹಿಂದೆ ನಿಂತಿದ್ದ. ನನ್ನ ಹೆಸರು ಹೇಳಿ ಹಾರ ಹಾಕಿದಾಗ ಶಲ್ಯದಿಂದ ಮುಖ ಒರೆಸಿಕೊಂಡ. ಬಿಸಿಲಿತ್ತು, ಅದಕ್ಕಿರಬೇಕು.

ಮಾರ್ಚ್ 21, ಶುಕ್ರವಾರ

ಸಂಗ್ರಾಮ ಫೋನಿನಲ್ಲಿ ಕೂಗಾಡಿದ. ಬೆಳಗ್ಗೆ ಅವನ ಪಾಳಿ ಶುರುವಾದಾಗ ಪೈಪು ಖಾಲಿ ಇರುತ್ತದಂತೆ. ಅದು ತುಂಬುವಷ್ಟರಲ್ಲಿ ಪಾಳಿಯ ಒಂದು ಪಾಲು ಹೋಗಿರುತ್ತದೆ. “ಹಿಂದಿನಿಂದಾನೂ ಹಿಂಗ ಐತ್ರಿ. ಕಂಪ್ಯೂಟರ್ ಬಂದ್ಮ್ಯಾಲಾದ್ರೂ ಸುಧಾರಸತೈತಿ ಅಂದ್ಕೊಂಡಿದ್ದೆ.” ಅವನದು ತಪ್ಪಲ್ಲ.

ಲಾಗ್ ತೆಗೆದು ನೋಡಿದರೆ ಕಳ್ಳ ನಮ್ಮ ಮನೆಯಲ್ಲೇ ಇದ್ದಾನೆ. ದಿನಾ ಸಂಜೆ ಮೋಟಾರು ನಿಂತ ಮೇಲೆ ಕೊನೆಯ ವಾಲ್ವ್ ತೆರೆಯುತ್ತದೆ, ಅಪ್ಪನ ಫೋನಿನಿಂದ. ಪೈಪಿನಲ್ಲಿ ಉಳಿದ ನೀರೆಲ್ಲ ಇಳಿದುಹೋಗುತ್ತದೆ. ಮುಚ್ಚಲು ಹೋಗಿ ತೆರೆಯುತ್ತಾನೆ ಪಾಪ, ಬೆರಳು ದಪ್ಪ.

“ಅಪ್ಪಾ, ಮೋಟಾರ್ ಬಂದ್ ಆದ್ಮ್ಯಾಲ ಏನರ ಒತ್ತತೀಯೇನು?”

“ಹೂಂ.”

“ಒತ್ತಬ್ಯಾಡ.”

“ಹೂಂ.”

ಅವನ ಹೂಂ ನಂಬಿ ಕೂತರೆ ಆಗುವುದಿಲ್ಲ. ಮೋಟಾರು ನಿಂತಿದ್ದರೆ ಯಾವ ವಾಲ್ವೂ ತೆರೆಯದ ಹಾಗೆ ಮಾಡಿಬಿಟ್ಟೆ. ಒತ್ತಿದರೆ ಪರದೆಯ ಮೇಲೆ ಬರುತ್ತದೆ: “ಈಗ ಪಾಳಿ ಇಲ್ಲ. ವಾಲ್ವ್ ತೆರೆಯುವುದಿಲ್ಲ.” ಸರಳವಾದ, ಸ್ಪಷ್ಟವಾದ ಕನ್ನಡ. ಮರಾಠಿಯಲ್ಲೂ ಹಾಕಿದ್ದೇನೆ.

ಮಾರ್ಚ್ 24, ಸೋಮವಾರ

ಸಂಗ್ರಾಮ ಖುಷಿಯಾಗಿದ್ದಾನೆ. ಒತ್ತಿದೊಡನೆ ನೀರು. ಭೀಮಗೊಂಡ ಕಾಕಾನ ಕಡೆಯಿಂದಲೂ ಶಾಭಾಸ್ಕಿ ಬಂತು.

ಅಪ್ಪ ಎರಡು ದಿನದಿಂದ ಸಂಜೆ ಊಟ ಮಾಡುತ್ತಿಲ್ಲ. ಹೊಲದಿಂದ ಹೊತ್ತು ಮುಳುಗಿದ ಮೇಲೆ ಬರುತ್ತಾನೆ. ಮುಳುಗಿದ ಮೇಲೆ ಜೈನರಾದ ನಮ್ಮಲ್ಲಿ ಬಾಯಿಗೆ ಅನ್ನ ಇಡುವ ಮಾತೇ ಇಲ್ಲ. ಬೇಗ ಬಾ ಎಂದರೆ “ಹಸಿವಿಲ್ಲ” ಎನ್ನುತ್ತಾನೆ.

ಮಾರ್ಚ್ 28, ಶುಕ್ರವಾರ

ಇವತ್ತೂ ಇಲ್ಲ. ಬೆಳಗಿನದೊಂದೇ ಊಟ.

“ಏನರ ಉಪವಾಸ ಹಿಡದೀಯೇನಪ್ಪಾ?”

“ಇಲ್ಲ.”

ಅಪ್ಪ ಸುಳ್ಳು ಹೇಳುವುದಿಲ್ಲ. ಹಾಗಾದರೆ ಇದು ಬೇರೆಯೇ ಏನೋ. ಲಾಗಿನಲ್ಲಿ ದಿನಾ ಸಂಜೆ ಅವನ ಫೋನಿನ ಸಾಲು: ನಿರಾಕರಿಸಲಾಗಿದೆ. ನಿರಾಕರಿಸಲಾಗಿದೆ. ನಿರಾಕರಿಸಲಾಗಿದೆ. ಒತ್ತಬೇಡ ಎಂದದ್ದನ್ನು ಮರೆಯುತ್ತಿದ್ದಾನೆಯೇ? ಉಣ್ಣುವುದನ್ನೂ ಮರೆಯುತ್ತಿದ್ದಾನೆಯೇ?

ಏಪ್ರಿಲ್ 2, ಬುಧವಾರ

ಮಿರಜಿನ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ರಕ್ತ, ಸಕ್ಕರೆ, ತಲೆಯ ಫೋಟೋ, ಎಲ್ಲ ಸರಿ ಇದೆ. ಡಾಕ್ಟರರು ಅಪ್ಪನಿಗೆ ಇವತ್ತು ಯಾವ ವಾರ, ಈಗ ಯಾವ ಬೆಳೆ ಎಂದೆಲ್ಲ ಕೇಳಿದರು. ಅಪ್ಪ ಸರಿಯಾಗಿ ಹೇಳಿ, ಕೊನೆಗೆ ಅವರ ಕಿಟಕಿಯ ಗುಲಾಬಿ ಗಿಡಕ್ಕೆ ನೀರು ಹೆಚ್ಚಾಗಿದೆ ಎಂದೂ ಹೇಳಿದ. “ಹೆಂಡತಿ ಹೋದ ದುಃಖ. ಜೊತೆಗೆ ಕೂತು ಊಟ ಮಾಡಿ” ಎಂದರು ನನಗೆ.

ವಾಪಸು ಬರುವಾಗ ಬಸ್ಸು ತಡವಾಯಿತು. ಅಪ್ಪ ಬಿಸಿಲು ನೋಡುತ್ತ ಚಡಪಡಿಸಿದ. “ಹೊತ್ತ ಮುಳುಗೂದ್ರಾಗ ಹೊಲಕ್ಕ ಹೋಗಬೇಕು.” ಏನಿದೆ ಅಲ್ಲಿ, ಕಬ್ಬು ಓಡಿಹೋಗುತ್ತದೆಯೇ ಎಂದು ಜೋರು ಮಾಡಿದೆ. ಸೀಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪ ಕೈ ಕಟ್ಟಿಕೊಂಡು ಕೂತ. ಬೈದದ್ದಕ್ಕೆ ಇನ್ನೂ ಸಂಕಟವಾಗುತ್ತಿದೆ.

ಏಪ್ರಿಲ್ 6, ಭಾನುವಾರ

ಅಪ್ಪನ ಜೊತೆ ಉಣ್ಣೋಣವೆಂದು ಎರಡು ತಾಟು ಹಾಕಿಕೊಂಡು ಕಾದೆ. ಬೆಳಕು ಹೋಯಿತು. ಎರಡನ್ನೂ ಎತ್ತಿಟ್ಟೆ.

ನಿರಾಕರಿಸಿದ್ದನ್ನು ಲಾಗ್ ಇನ್ನು ಮುಂದೆ ಬರೆದುಕೊಳ್ಳದ ಹಾಗೆ ಮಾಡಿದ್ದೇನೆ. ಯಾರು ಓದುತ್ತಾರೆ? ನಾನು. ಓದಿ ಏನು ಮಾಡುತ್ತೇನೆ? ಅಳುತ್ತೇನೆ. ಸಮ್ಮೇದಣ್ಣನ ಲೆಕ್ಕದಲ್ಲಿ ಅದು ಕೆಲಸವಲ್ಲ.

ಏಪ್ರಿಲ್ 10, ಗುರುವಾರ

ಮಹಾವೀರ ಜಯಂತಿ. ಬೆಳಗ್ಗೆ ಪಲ್ಲಕ್ಕಿ, ಅಭಿಷೇಕ, ಬಾಲಕ ಮಹಾವೀರನ ತೊಟ್ಟಿಲು ತೂಗಿದ್ದು. ಅಪ್ಪ ಪ್ರಸಾದವನ್ನು ಚೆನ್ನಾಗಿ ಉಂಡ. ಸಂಜೆ ಭಜನೆಗೆ ಊರೆಲ್ಲ ಬಸ್ತಿಯಲ್ಲಿ ಸೇರಿತ್ತು. ಹೊರಗೆ ಚಪ್ಪಲಿಗಳ ರಾಶಿಯಲ್ಲಿ ಅಪ್ಪನ ಚಪ್ಪಲಿ ಮಾತ್ರ ಇರಲಿಲ್ಲ. ಸ್ಕೂಟಿ ತೆಗೆದುಕೊಂಡು ಹೊಲಕ್ಕೆ ಹೋದೆ.

ಕೊನೆಯ ವಾಲ್ವಿನ ಹತ್ತಿರ ಅಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ನನ್ನನ್ನು ನೋಡಲಿಲ್ಲ. ಫೋನು ಒತ್ತಿದ. ಪರದೆಯನ್ನು ಓದಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದ. ಮತ್ತೆ ಓದಿದ. ಓದುತ್ತಿದ್ದದ್ದು ನಾನೇ ಬರೆದ ಸಾಲು. ತಪ್ಪಿ ಒತ್ತುವವರ ಕೈ ಹಾಗಿರುವುದಿಲ್ಲ. ಅವನು ಕೇಳಿಕೊಳ್ಳುತ್ತಿದ್ದ.

ನಮ್ಮ ಹೊಲದ ಬದುವಿನ ಕೆಳಗೆ, ಹಳ್ಳದ ಅಂಚಿಗೆ ಸೀತವ್ವನ ಚೂರು ನೆಲವಿದೆ. ನಾಲ್ಕೈದು ಮಡಿ. ಕೊತ್ತಂಬರಿ, ಮೆಂತ್ಯ, ಬದನೆ ಬೆಳೆದು ಸಂತೆಗೆ ಒಯ್ಯುತ್ತಾಳೆ. ಅವಳು ಸ್ಕೀಮಿನ ಸದಸ್ಯಳಲ್ಲ, ಅವಳಿಗೆ ಪಾಳಿಯಿಲ್ಲ. ಎಲ್ಲಿಂದಲೋ ಕೊಡ ಹೊತ್ತು ತಂದು ಬದನೆಯ ಬುಡಕ್ಕೆ ತಂಬಿಗೆಯಿಂದ ಹಾಕುತ್ತಿದ್ದಳು. ಕೊತ್ತಂಬರಿ ಮಡಿ ಒಣಗಿ ಹುಲ್ಲಾಗಿತ್ತು.

“ಅಪ್ಪಾ, ಏನ್ ಮಾಡಾಕತ್ತೀ?”

ಬೆಚ್ಚಿಬಿದ್ದ. “ಏನಿಲ್ಲವಾ. ನಿನ್ನ ಫೋನ್ ಒಲ್ಲೆ ಅನ್ನಾಕತ್ತೈತಿ.”

“ದಿನಾ ಒಲ್ಲೆ ಅಂದ್ರೂ ದಿನಾ ಯಾಕ ಒತ್ತತಿ?”

ಕೊಡ ಕೆಳಗಿಟ್ಟು ಸೀತವ್ವ ಬದು ಹತ್ತಿ ಬಂದಳು.

“ಸಾವಕಾರ್ರಿಗೆ ಏನೂ ಅನಬ್ಯಾಡ ತಂಗಿ. ನನ್ನ ಸಲುವಾಗಿ ನಿಂತಾರ. ಬ್ಯಾಡ್ರಿ, ಮನಿಗೆ ಹೋಗ್ರಿ ಅಂದ್ರ ಕೇಳವಲ್ಲರು.”

“ನಿನ್ನ ಸಲುವಾಗಿ ಅಂದ್ರ?”

“ನಿಮ್ಮವ್ವ ಅಕ್ಕಾರು ಇದ್ದಾಗ ದಿನಾ ಸಂಜೀಕ ಮೋಟಾರ್ ನಿಂತಿಂದ ಬಂದು ಈ ವಾಲ್ವ್ ತಿರುವತಿದ್ರು. ಪೈಪಿನಾಗ ಉಳದಿದ್ದ ನೀರು ಇಳಕೋತ ಬರತಿತ್ತು. ನನ್ನ ಮಡೀಗಿ ಅಷ್ಟು ಸಾಕಾಗತಿತ್ತು. ಅವರು ಹೋದ ಮ್ಯಾಲ ಸಾವಕಾರ್ರು ತಿರುವಿದ್ರು. ಈಗ ಮಿಷನ್ ಬಂತು, ನಿಂತು ಹೋತು. ಹೋಗ್ಲಿ ಬಿಡು. ಇಷ್ಟ ವರ್ಷ ಬಂತಲ್ಲ.”

ಅವಳ ಮಾತಿನಲ್ಲಿ ದೂರು ಇರಲಿಲ್ಲ. ದೂರಿದ್ದರೆ ನನಗೆ ಸಲೀಸಾಗುತ್ತಿತ್ತು.

“ಅಪ್ಪಾ, ನನಗ ಯಾಕ ಹೇಳಲಿಲ್ಲ?”

“ನಿಮ್ಮವ್ವ ಹೇಳಬ್ಯಾಡ ಅಂದಿದ್ಲು.” ಅವ್ವ ಹೋದ ಮೇಲೆ ಅಪ್ಪ ಅವಳ ಬಗ್ಗೆ ಆಡಿದ ಮೊದಲ ಮಾತು ಅದು. “ಹಿಂದಕೊಮ್ಮೆ ಚಾತುರ್ಮಾಸಕ್ಕ ಬಸ್ತಿಗೆ ಮಾತಾಜಿ ಬಂದಿದ್ರಲ್ಲ, ಆವಾಗ ಅವರ ಮುಂದ ನಿಯಮಾ ತಗೊಂಡಿದ್ಲು. ಸೀತವ್ವನ ಮಡೀಗಿ ನೀರು ಬಿಟ್ಟ ಮ್ಯಾಲ ಸಂಜೀ ಊಟ ಅಂತ. ಕೊಟ್ಟದ್ದನ್ನ ಹೇಳಿಕೊಂಡ್ರ ಅದು ಕೊಟ್ಟಂಗ ಆಗೂದಿಲ್ಲ ಅಂತಿದ್ಲು.”

“ಮತ್ತ ನೀ?”

“ಆಕಿ ಹೋದ್ಲು. ನಿಯಮಾ ನಾ ತಗೊಂಡೆ.”

ಅಷ್ಟೇ ಹೇಳಿದ. ನಾನು ಚಿಕ್ಕೋಡಿಯಿಂದ ಭಾನುವಾರಕ್ಕೆ ಬಂದಾಗಲೆಲ್ಲ ಅವ್ವ ಹೊಲದಿಂದ ಓಡುತ್ತ ಬಂದು, ಕಾಲು ತೊಳೆದು, ಬೆಳಕಿರುವಷ್ಟರಲ್ಲಿ ಗಬಗಬ ಉಣ್ಣುತ್ತಿದ್ದಳು. ಅಷ್ಟು ಹೊತ್ತು ಹೊಲದಲ್ಲಿ ಏನು ಕಿತ್ತು ಗುಡ್ಡೆ ಹಾಕುತ್ತೀ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವಳು ನಗುತ್ತ ಉಣ್ಣುತ್ತಿದ್ದಳು. ಇಪ್ಪತ್ತು ದಿನ ನನ್ನ ಅಪ್ಪನ ತಾಟನ್ನು ನಾನೇ ಕಸಿದುಕೊಂಡಿದ್ದೆ, ಸರಳವಾದ ಸ್ಪಷ್ಟವಾದ ಕನ್ನಡದಲ್ಲಿ.

ನನ್ನ ಫೋನಿನಿಂದ ಯಾವ ವಾಲ್ವನ್ನಾದರೂ ಯಾವಾಗಲಾದರೂ ತೆರೆಯಬಹುದು. ಒತ್ತಿದೆ. ಮೊದಲು ಗಾಳಿ ಬಂತು, ಆಮೇಲೆ ನೀರು. ಸೀತವ್ವ ಗುದ್ದಲಿ ತರಲು ಓಡಿದಳು. ಅಪ್ಪ ನೀರು ನೋಡಲಿಲ್ಲ, ಪಡುವಣಕ್ಕೆ ನೋಡಿದ. ಸೂರ್ಯ ಇನ್ನೂ ಕಬ್ಬಿನ ಮೇಲೆ ಒಂದಾಳೆತ್ತರ ಇದ್ದ.

“ಹತ್ತಪ್ಪಾ ಗಾಡಿ” ಎಂದೆ.

ಮನೆಗೆ ಬಂದರೆ ರೊಟ್ಟಿ ಇಲ್ಲ. ರೂಪಾಲಿ ವಹಿನಿ ಭಜನೆಯಲ್ಲಿದ್ದಳು. ಹಂಚು ಇಳಿಸಿದೆ. ಹಿಟ್ಟು ನಾದಿದೆ, ಬಡಿದೆ, ಹರಿಯಿತು, ಮತ್ತೆ ಬಡಿದೆ. ಒಂದು ಕಡೆ ಸೀದು ಒಂದು ಕಡೆ ಹಸಿಯಾದ ಎರಡು ರೊಟ್ಟಿ ಆದವು. ಅಪ್ಪ ಅಂಗಳದ ಬೆಳಕಿನಲ್ಲಿ ಕೂತು, ಶೇಂಗಾ ಚಟ್ನಿ, ಮೊಸರಿನ ಜೊತೆ ಎರಡನ್ನೂ ತಿಂದು ಕೈ ತೊಳೆದ. ಆಗಷ್ಟೇ ಹೊತ್ತು ಮುಳುಗಿತು.

“ನಿಮ್ಮವ್ವನೂ ಮೊದಮೊದಲ ಹಿಂಗ ಮಾಡತಿದ್ಲು” ಎಂದ.

ಏಪ್ರಿಲ್ 11, ಶುಕ್ರವಾರ

ಬೆಳಗ್ಗೆಯೇ ಸಂಗ್ರಾಮನ ಫೋನು. ಪೈಪು ಮತ್ತೆ ಖಾಲಿ. ಭಾನುವಾರದ ಸಭೆಯಲ್ಲಿ ಎಲ್ಲರ ಮುಂದೆ ಲಾಗ್ ಓದಬೇಕಂತೆ. ಯಾರು ತೆರೆದರೆಂದು ಊರಿಗೆ ಗೊತ್ತಾಗಬೇಕಂತೆ.

ಆ ಸಾಲನ್ನು ಅಳಿಸುವುದು ನನಗೆ ಕಷ್ಟವೇನಲ್ಲ. ಕೈ ಅಲ್ಲಿಗೆ ಹೋಗಿತ್ತು, ಹಿಂದಕ್ಕೆ ತೆಗೆದೆ. ಬರೆಯಬೇಕೋ ಬೇಡವೋ ಎಂದು ಮುಂಚೆ ಯೋಚಿಸುವುದು ಬೇರೆ, ಸಿಕ್ಕಿಬಿದ್ದ ಮೇಲೆ ಅಳಿಸುವುದು ಬೇರೆ. ಅಂಥ ಲಾಗನ್ನು ನಾಳೆ ನಾನೇ ನಂಬುವುದಿಲ್ಲ. ಆದರೆ ಓದಿದರೆ ಅವ್ವ ಇಷ್ಟು ವರ್ಷ ಮುಚ್ಚಿಟ್ಟದ್ದು ಪಂಚಾಯಿತಿಕಟ್ಟೆಯ ಮಾತಾಗುತ್ತದೆ. ಸಂಘದವರು ಕೊನೆಯ ವಾಲ್ವಿಗೆ ಬೀಗ ಹಾಕಿದರೆ ಸೀತವ್ವನ ಮಡಿ ಒಣಗುತ್ತದೆ, ಅಪ್ಪ ಮತ್ತೆ ಉಣ್ಣುವುದಿಲ್ಲ.

ಸಭೆಯವರೆಗೆ ಸಂಜೆಯ ನೀರನ್ನು ನಾನೇ ನನ್ನ ಹೆಸರಿನಲ್ಲೇ ಬಿಡುತ್ತೇನೆ. ಬರೆದುಕೊಳ್ಳಲಿ.

ಏಪ್ರಿಲ್ 13, ಭಾನುವಾರ

ಸಂಘದ ಕೋಣೆ ತುಂಬಿತ್ತು. ಸಂಗ್ರಾಮ ಎದ್ದು ನಿಂತು ತನ್ನ ಕಷ್ಟ ಹೇಳಿದ. ಚೆನ್ನಾಗಿಯೇ ಹೇಳಿದ. ಭೀಮಗೊಂಡ ಕಾಕಾ ನನ್ನ ಕಡೆ ನೋಡಿ, “ಓದವಾ” ಎಂದರು.

ಓದಿದೆ. “ಸಂಜೆ, ಮೋಟಾರು ಬಂದ್ ಆದ ಮೇಲೆ ಕೊನೆಯ ವಾಲ್ವ್ ತೆರೆದವರು: ಬ್ರಾಹ್ಮಿ.”

ಗುಸುಗುಸು ಎದ್ದಿತು. “ಆ್ಯಪ್ ಮಾಡಿದಾಕಿನ ಹಿಂಗ ಮಾಡಿದ್ರ ಹೆಂಗ್ರಿ?” ಎಂದ ಸಂಗ್ರಾಮ. ಯಾಕೆ ತೆರೆದೆ ಎಂದು ಕೇಳಿದರು. ಹೇಳಿದರೆ ಅವ್ವನ ಮಾತು ಹೋಗುತ್ತದೆ, ಹೇಳದಿದ್ದರೆ ನನ್ನ ಮಾನ ಹೋಗುತ್ತದೆ.

ಹಿಂದಿನ ಸಾಲಿನಿಂದ ಅಪ್ಪ ಎದ್ದ. ಸಂಘದ ಸಭೆಯಲ್ಲಿ ಅಪ್ಪ ಎದ್ದು ನಿಂತದ್ದನ್ನು ಯಾರೂ ನೋಡಿದಂತಿಲ್ಲ.

“ಪೈಪ್ ತುಂಬೂ ಹೊತ್ತು ನನ್ನ ಪಾಳಿಯಾಗ ಹಿಡೀರಿ. ಸಂಗ್ರಾಮಂದು ಕಡೀಬ್ಯಾಡ್ರಿ.”

“ದಿನಾನೂ?” ಎಂದ ಸಂಗ್ರಾಮ.

“ದಿನಾನೂ.” ಅಪ್ಪ ಕೂತ.

ಭೀಮಗೊಂಡ ಕಾಕಾ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ಅಪ್ಪನನ್ನೇ ನೋಡಿದರು. ಯಾಕೆ ಎಂದು ಕೇಳಲಿಲ್ಲ. “ಒಬ್ಬನ ಮ್ಯಾಲ ಹಾಕೂದು ಬ್ಯಾಡ. ಎಲ್ಲಾರ ಪಾಳಿಯಾಗೂ ಚೂರಚೂರ ಹಿಡಿ ತಂಗಿ. ಸಂಗ್ರಾಮ, ನಿನ್ನ ಹೊಲಕ್ಕ ನೀರ ಮುಟ್ಟಿದ ಮ್ಯಾಲ ನಿನ್ನ ಪಾಳಿ ಎಣಿಕಿ ಶುರು. ಆತಿಲ್ಲೋ?”

“ನನಗ ನನ್ನ ನೀರು ಬಂದ್ರ ಸಾಕ್ರಿ” ಎಂದ ಸಂಗ್ರಾಮ. ಮಿಕ್ಕವರಲ್ಲಿ ಒಬ್ಬರೂ ಬೇಡ ಎನ್ನಲಿಲ್ಲ. ಹಿರಿಯರು ಕೆಲವರು ನೆಲ ನೋಡುತ್ತ ಕೂತಿದ್ದರು. ಚಹಾ ಬಂತು.

ಹೊರಗೆ ಬಂದಾಗ ಕಾಕಾ ನನ್ನ ಸ್ಕೂಟಿಯ ಹತ್ತಿರ ನಿಂತಿದ್ದರು. “ನಿಮ್ಮವ್ವ ಸೋನಾಬಾಯಿ ಇದ್ದಾಗಿಂದ ಸಂಜೀಕ ಪೈಪ್ ಖಾಲಿ ಆಕ್ಕೋತ ಬಂದೈತಿ. ಯಾರ್ ತಿರುವತಾರ, ನೀರ ಎಲ್ಲಿ ಹೋಗತೈತಿ, ಜ್ಞಾನದೇವಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಒಬ್ಬರೂ ಕೇಳಿಲ್ಲ. ನಾವ ಕೇಳದ್ದನ್ನ ನಿನ್ನ ಮಿಷನ್ ಯಾಕ ಕೇಳಬೇಕು?”

ಊರ ಹಿರಿಯರಿಗೆಲ್ಲ ಗೊತ್ತಿತ್ತು, ಮಗಳಾದ ನನಗೇ ಗೊತ್ತಿರಲಿಲ್ಲ! ದಾರಿಯುದ್ದ ಅತ್ತೆ, ನಕ್ಕೆ. ಎದುರಿಗೆ ಬಂದವರು ಕಣ್ಣಿಗೆ ಹುಳ ಬಿತ್ತೇನು ಎಂದು ಕೇಳಿದರು.

ಏಪ್ರಿಲ್ 17, ಗುರುವಾರ

ಚಿಕ್ಕೋಡಿಯಲ್ಲಿ ಸಮ್ಮೇದಣ್ಣನ ಜೊತೆ ಇಡೀ ಮಧ್ಯಾಹ್ನ ವಾದ. ಮೋಟಾರು ನಿಂತ ಮೇಲೆ ಕೊನೆಯ ವಾಲ್ವ್ ತೆರೆಯಲು ಬಿಡುತ್ತೇನೆ, ಅದನ್ನು ಲಾಗ್ ಮಾಡುವುದಿಲ್ಲ ಎಂದೆ.

“ಏನೂ ಬರೀಲಿಲ್ಲಂದ್ರ ಕುರುಡ ಆಗತಿ. ಪೈಪ್ ಖಾಲಿ ಇದ್ದಾಗ ಮೋಟಾರ್ ಒಮ್ಮೆಲೇ ಜೋರ್ ಬಿಟ್ರ ಪೈಪ್ ಒಡೀತೈತಿ. ಅದು ಗೊತ್ತಾಗಬೇಕಲ್ಲ?”

ಅವನು ಹೇಳಿದ್ದು ನಿಜ. ಚಹಾ ತರಿಸಿಕೊಂಡು ಮತ್ತೆ ಕೂತೆವು. ಕೊನೆಗೆ ಹೀಗೆ ನಿಂತಿತು: ಪೈಪಿನ ಒತ್ತಡ ಇಳಿದಾಗ ಲಾಗಿನಲ್ಲಿ ಒಂದೇ ಸಾಲು ಬೀಳುತ್ತದೆ, “ಪೈಪು ಖಾಲಿ”. ಯಾರು ತೆರೆದರು, ಯಾಕೆ ತೆರೆದರು ಎಂಬುದು ಇಲ್ಲ. ಮೋಟಾರಿಗೆ ಬೇಕಾದದ್ದು ಪೈಪಿನ ಸ್ಥಿತಿ. ಮನುಷ್ಯನ ಹೆಸರು ಅದಕ್ಕೆ ಬೇಕಾಗಿಲ್ಲ. ಪಾಳಿಯ ಹೊತ್ತಿನಲ್ಲಿ ಹೆಸರು ಬೇಕು, ಅಲ್ಲಿ ಒಬ್ಬರದು ಇನ್ನೊಬ್ಬರಿಗೆ ಹೋಗುತ್ತದೆ. ಪಾಳಿ ಮುಗಿದ ಮೇಲಿನ ನೀರು ಯಾರದೂ ಅಲ್ಲ.

ಇದೆಲ್ಲ ಯಾಕೆ ಎಂದು ಸಮ್ಮೇದಣ್ಣ ಕೇಳಿದ. ಊರಿನ ರೂಢಿ ಎಂದೆ. ಅವನು ಮತ್ತೆ ಕೇಳಲಿಲ್ಲ. ಒಳ್ಳೆಯ ಮನುಷ್ಯ, ಸುಮ್ಮನೆ ಸಿಟ್ಟಾಗಿದ್ದೆ.

ಬರುವಾಗ ಜೋಳದ ಹಿಟ್ಟು, ಒಂದು ಹೊಸ ಉಚಗ ತಂದೆ. ಹಳೆಯದರಲ್ಲಿ ರೊಟ್ಟಿ ಹೊರಳಿಸಲು ಹೋದರೆ ಹಿಡಿ ಅಲುಗಾಡುತ್ತದೆ. ಅವ್ವ ಅದಕ್ಕೆ ಅರಿವೆ ಸುತ್ತಿ ಹೇಗೋ ಸಂಭಾಳಿಸುತ್ತಿದ್ದಳು. ಹಿಟ್ಟಿಗೆ ಹದ ಬಿಸಿಯ ನೀರು ಹಾಕಿ, ಅಂಗೈ ಬುಡದಿಂದ ಒತ್ತಿ ಒತ್ತಿ ನಾದುತ್ತ ಅವಳು ಬಸ್ತಿಯ ಹಾಡು ಗುನುಗುತ್ತಿದ್ದಳು. ಹಾಡು ಮುಗಿದರೆ ಹಿಟ್ಟು ಆಯಿತು ಎಂದು ಅರ್ಥ. ನಾನೂ ಹಾಗೇ ಮಾಡಿ ನೋಡಿದೆ. ಹಾಡು ಅರ್ಧ ಮಾತ್ರ ಬರುತ್ತದೆ, ಎರಡು ಸಲ ಹಾಡಿಕೊಂಡೆ.

ಏಪ್ರಿಲ್ 22, ಮಂಗಳವಾರ

ಅಪ್ಪನಿಗೆ ಹೊಸದನ್ನು ಹಾಕಿಕೊಟ್ಟೆ. ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ.

“ಇನ್ನ ಒಲ್ಲೆ ಅನ್ನೂದಿಲ್ಲೇನು?”

“ಅನ್ನೂದಿಲ್ಲ.”

“ಬರಕೊಳ್ಳೂದಿಲ್ಲೇನು?”

“ಪೈಪ್ ಖಾಲಿ ಆತು ಅಂತಷ್ಟ ಬರಕೋತೈತಿ. ನಿನ್ನ ಹೆಸರಿಲ್ಲ, ಅವ್ವನ ಹೆಸರಿಲ್ಲ, ಸೀತವ್ವನ ಹೆಸರಿಲ್ಲ.”

ಅಪ್ಪ ತಲೆಯಾಡಿಸಿದ. “ಈಗ ಶಾಣ್ಯಾ ಆತು” ಎಂದ. ಈ ಸಲ ಹೊಗಳಿದ್ದೇ ಎಂದು ನನಗೆ ನಾನೇ ಅರ್ಥ ಮಾಡಿಕೊಂಡೆ.

ಏಪ್ರಿಲ್ 30, ಬುಧವಾರ

ಅಕ್ಷಯ ತೃತೀಯೆ. ಆದಿನಾಥ ಆಹಾರಕ್ಕೆಂದು ಊರೂರು ತಿರುಗಿದರೂ ಹೇಗೆ ನೀಡಬೇಕೆಂದು ಯಾರಿಗೂ ತಿಳಿಯದೆ ಬಹಳ ಕಾಲ ಹಸಿದೇ ಇದ್ದನಂತೆ. ಕೊನೆಗೆ ಇವತ್ತಿನ ದಿನ ಕಬ್ಬಿನ ಹಾಲು ಸಿಕ್ಕಿತಂತೆ. ಮಂದಿ ಕೆಟ್ಟವರಾಗಿರಲಿಲ್ಲ, ರತ್ನ, ಆನೆ, ಕುದುರೆ ಎಲ್ಲ ತಂದು ಮುಂದಿಟ್ಟರು, ಊಟ ಬೇಕೆಂದು ಹೊಳೆಯಲಿಲ್ಲ ಅಷ್ಟೆ. ಪ್ರವಚನ ಕೇಳುತ್ತ ಮಿರಜಿನ ತಲೆಯ ಫೋಟೋ ನೆನಪಾಗಿ ಅಪ್ಪನ ಕಡೆ ನೋಡಿದೆ. ಬಸ್ತಿಯಲ್ಲಿ ಕಬ್ಬಿನ ಹಾಲು ಹಂಚಿದರು. ಅಪ್ಪ ಎರಡು ಲೋಟ ಕುಡಿದ. ಸೀತವ್ವ ಮಧ್ಯಾಹ್ನ ಕೊತ್ತಂಬರಿಯ ಒಂದು ಕಟ್ಟು ತಂದು ಬಾಗಿಲಲ್ಲಿಟ್ಟು, ನಾನು ಕರೆಯುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಎಳೆಯದು, ಒಂದು ಬೆರಳುದ್ದ.

ಲಾಗಿನ ಕೊನೆಯ ಪಟ್ಟಿ ಸಮ್ಮೇದಣ್ಣನಿಗೆ ಕಳಿಸಿದೆ. ಪ್ರತಿ ಸಾಲಿನ ಮುಂದೆ ಅವನ ಎರಡು ಪ್ರಶ್ನೆ, ನನ್ನ ಉತ್ತರ. “ಪೈಪು ಖಾಲಿ”: ಯಾರು ಓದುತ್ತಾರೆ? ಬೆಳಗ್ಗೆ ಮೋಟಾರು ಬಿಡುವವರು. ಓದಿ ಏನು ಮಾಡುತ್ತಾರೆ? ಮೋಟಾರನ್ನು ಮೆಲ್ಲಗೆ ಶುರು ಮಾಡುತ್ತಾರೆ. ಅವನು ಓಕೆ ಎಂದು ಕಳಿಸಿದ.

ಇನ್ನೊಬ್ಬರು ಓದುತ್ತಾರೆಂದು ನಾನು ಅಲ್ಲಿ ಬರೆಯಲಿಲ್ಲ. ಸಂಜೆ ಕೆಲಸದ ನಡುವೆ ಪರದೆಯ ಮೂಲೆಯಲ್ಲಿ ಆ ಸಾಲು ಬಂದರೆ, ನೀರು ಮಡಿ ಮುಟ್ಟಿತು, ಅಪ್ಪ ಬದು ಹತ್ತಿ ಮನೆಯ ದಾರಿ ಹಿಡಿದ ಎಂದು ಅರ್ಥ. ಹಿಟ್ಟು ನಾದಿಟ್ಟಿರುತ್ತೇನೆ. ಅವನು ಬಂದು ಕಾಲು ತೊಳೆಯುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬಬೇಕು.

ಇದೀಗ ಬಂತು: ಪೈಪು ಖಾಲಿ.

ಹಂಚು ಇಡಬೇಕು.